ರೈನ್ ಹಡಗಿನಿಂದ ಬ್ಲ್ಯಾಕ್ ಫಾರೆಸ್ಟ್ ಹಳ್ಳಿಗಳಿಗೆ: ಚಳಿಗಾಲದ ಒಂದು ದಿನದ ಸಮಗ್ರ ಮಾರ್ಗದರ್ಶಿ

ರೈನ್ ನದಿಯ ಚಳಿಗಾಲದ ಕ್ರೂಸ್‌ಗಳ ಜಾಹೀರಾತು ನೋಡಿದವರಿಗೆ, ಹಿಮ ಹೊತ್ತ ಮರಗಳ ನಡುವೆಯೇ ಹಡಗು ಸಾಗುತ್ತದೆಂಬ ಭಾವನೆ ಬಂದರೆ ಆಶ್ಚರ್ಯವಿಲ್ಲ. ವಾಸ್ತವದಲ್ಲಿ ಯಾವ ಕ್ರೂಸ್ ಹಡಗೂ ಬ್ಲ್ಯಾಕ್ ಫಾರೆಸ್ಟ್ ಎಂಬ ಜರ್ಮನಿಯ ಬೆಟ್ಟಕಾಡಿನ ಒಳಗೆ ಹೋಗುವುದಿಲ್ಲ. ಅಷ್ಟು ದೊಡ್ಡ ಹಡಗು ಹೋಗುವಂಥ ನದಿ ಆ ಕಾಡಿನೊಳಗಿಲ್ಲ. ಜರ್ಮನಿಯ ನೈರುತ್ಯ ಮೂಲೆಯಲ್ಲಿ ರೈನ್ ನದಿಯೇ ಫ್ರಾನ್ಸಿನ ಗಡಿ. ಅದರ ಬಲದಂಡೆಯಲ್ಲಿರುವ ಬ್ರೈಸಾಖ್ ಎಂಬ ಪುಟ್ಟ ಪಟ್ಟಣದ ಧಕ್ಕೆಯಲ್ಲಿ ಹಡಗು ನಿಲ್ಲುತ್ತದೆ. ಅಲ್ಲಿಂದ ಪೂರ್ವಕ್ಕೆ ಫ್ರೈಬುರ್ಗ್ ನಗರ, ನಗರದ ಬೆನ್ನಿಗೇ ಬೆಟ್ಟದ ಏರು, ಏರಿನ ಮೇಲೆ ಕಾಡು ಮತ್ತು ಹಳ್ಳಿಗಳು. ಧಕ್ಕೆಯಿಂದ ಹಳ್ಳಿಯವರೆಗಿನ ಈ ದಾರಿಯನ್ನು ನೀವು ಹೇಗೆ ಹೊಂದಿಸಿಕೊಳ್ಳುತ್ತೀರಿ ಎಂಬುದರ ಮೇಲೆ ಇಡೀ ದಿನ ನಿಂತಿದೆ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟೂಕಾಲರ ಸುಮಾರಿಗೆ, ಮುಳುಗುವುದು ಸಂಜೆ ನಾಲ್ಕೂವರೆ ದಾಟುತ್ತಿದ್ದಂತೆ. ಆದ್ದರಿಂದ ಈ ಪ್ರವಾಸದ ಲೆಕ್ಕವನ್ನು ಬೆಳಿಗ್ಗೆಯಿಂದ ಹಾಕುವುದಕ್ಕಿಂತ ಸೂರ್ಯಾಸ್ತದಿಂದ ಹಿಂದಕ್ಕೆ ಹಾಕುವುದೇ ಸರಿ.

ದಿನಾಂಕ ಮತ್ತು ಹಡಗಿನ ಆಯ್ಕೆ

ರೈನ್ ಮತ್ತು ನೆಕರ್ ನದಿಗಳಲ್ಲಿ ಬೆಳಿಗ್ಗೆ ಹೊರಟು ಸಂಜೆ ಮರಳುವ ವಿಹಾರ ದೋಣಿಗಳ ನಿತ್ಯದ ವೇಳಾಪಟ್ಟಿ ಬಹುಮಟ್ಟಿಗೆ ಶರತ್ಕಾಲದೊಂದಿಗೇ ಮುಗಿದುಹೋಗುತ್ತದೆ. ಚಳಿಗಾಲದಲ್ಲಿ ಉಳಿಯುವುದು ಕೆಲವು ವಿಶೇಷ ಸಂಚಾರಗಳು ಮತ್ತು ಹಲವು ದಿನಗಳ ಕ್ರಿಸ್‌ಮಸ್ ಸಂತೆಯ ಕ್ರೂಸ್‌ಗಳು ಮಾತ್ರ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಹೊರಟು ಫ್ರಾನ್ಸಿನ ಸ್ಟ್ರಾಸ್‌ಬುರ್ಗ್, ಮುಂದೆ ಮೈನ್ಸ್ ಅಥವಾ ಕಲೋನ್ ಕಡೆಗೆ ಇಳಿಯುವ ಹಡಗುಗಳು, ಇಲ್ಲವೇ ಅದೇ ದಾರಿಯನ್ನು ತಿರುಗುಮುರುಗಾಗಿ ಏರಿ ಬರುವ ಹಡಗುಗಳು ಬ್ರೈಸಾಖ್‌ನಲ್ಲಿ ಒಂದು ದಿನ ತಂಗುತ್ತವೆ. ನಮ್ಮ ಕಾಡಿನ ದಿನವೆಂದರೆ ಆ ಒಂದು ತಂಗುದಾಣದ ದಿನವೇ.

ಭಾರತದಿಂದ ಹೋಗುವವರು ಹೆಚ್ಚಾಗಿ ಎಡವುವುದು ದಿನಾಂಕದಲ್ಲಿ. ಮಕ್ಕಳ ರಜೆ, ಕಚೇರಿಯ ರಜೆ ಎಲ್ಲವೂ ಡಿಸೆಂಬರ್ 24ರ ನಂತರ ಕೂಡಿಬರುವುದರಿಂದ ಟಿಕೆಟನ್ನೂ ಅದಕ್ಕೇ ತೆಗೆಸುತ್ತಾರೆ. ಅಷ್ಟು ಹೊತ್ತಿಗೆ ಕ್ರಿಸ್‌ಮಸ್ ಸಂತೆಗಳಲ್ಲಿ ಬಹುಪಾಲು ಗುಡಾರ ಬಿಚ್ಚಿರುತ್ತವೆ. ಜರ್ಮನ್ನರಿಗೆ ಸಂತೆಯ ಕಾಲವೆಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅಡ್ವೆಂಟ್ ಅವಧಿ. 2026ರಲ್ಲಿ ಮೊದಲ ಅಡ್ವೆಂಟ್ ಭಾನುವಾರ ನವೆಂಬರ್ 29ಕ್ಕೆ ಬೀಳುತ್ತದೆ. ಡಿಸೆಂಬರ್ 24ರ ಮಧ್ಯಾಹ್ನದಿಂದ 26ರವರೆಗೆ ಅಂಗಡಿಗಳು ಮುಚ್ಚಿ ಊರೆಲ್ಲ ಮನೆಯೊಳಗಿರುತ್ತದೆ. ಸಂತೆ ಬೇಕೆನ್ನುವವರು ಡಿಸೆಂಬರಿನ ಮೊದಲ ಮೂರು ವಾರಗಳಲ್ಲೇ ಹೋಗಬೇಕು. ಹಿಮ ಬೇಕೆನ್ನುವವರಿಗೆ ಜನವರಿ, ಫೆಬ್ರವರಿ ಹೆಚ್ಚು ಭರವಸೆಯ ತಿಂಗಳುಗಳು, ಆದರೆ ಆಗ ಕ್ರೂಸ್ ಹಡಗುಗಳು ತೀರ ವಿರಳ. ಎರಡೂ ಒಟ್ಟಿಗೆ ಸಿಗುವುದು ಅದೃಷ್ಟದ ಮಾತು. 1000 ಮೀಟರಿಗಿಂತ ಕೆಳಗಿನ ಹಳ್ಳಿಗಳಲ್ಲಿ ಡಿಸೆಂಬರಿನ ಹುಲ್ಲು ಹಸಿರಾಗಿಯೇ ಇರುವ ವರ್ಷಗಳು ಈಗ ಅಪರೂಪವಲ್ಲ.

ಹಡಗು ಕಾಯ್ದಿರಿಸುವ ಮುನ್ನ ಏಜೆಂಟರನ್ನು ಮೂರು ಪ್ರಶ್ನೆ ಕೇಳಿ. ಹಡಗು ನಿಲ್ಲುವುದು ಬ್ರೈಸಾಖ್‌ನಲ್ಲಿಯೇ, ಅಥವಾ ಅಲ್ಲಿಂದ ದೂರದ ಕೇಲ್ ಇಲ್ಲವೇ ಸ್ಟ್ರಾಸ್‌ಬುರ್ಗ್‌ನಲ್ಲಿಯೇ? ಎಷ್ಟು ಗಂಟೆಗೆ ಬಂದು ಎಷ್ಟು ಗಂಟೆಗೆ ಹೊರಡುತ್ತದೆ? ಆ ದಿನ ವಾರದ ಯಾವ ದಿನ? ಮಧ್ಯಾಹ್ನ ಒಂದು ಗಂಟೆಗೆ ಹೊರಡುವ ಹಡಗಾದರೆ ಈ ಬರಹದಲ್ಲಿ ಹೇಳಿರುವ ಸುತ್ತು ಸಾಧ್ಯವಿಲ್ಲ. ರಾತ್ರಿ ಎಂಟರ ನಂತರ ಹೊರಡುವ ಹಡಗು, ಅದರಲ್ಲೂ ಶುಕ್ರವಾರದಿಂದ ಭಾನುವಾರದೊಳಗೆ ಬ್ರೈಸಾಖ್‌ನಲ್ಲಿರುವ ಹಡಗು ಸಿಕ್ಕರೆ ಅದನ್ನೇ ಹಿಡಿಯಿರಿ. ಕಾರಣ ಮುಂದೆ ರಾವೆನ್ನಾ ಕಮರಿಯ ಮಾತು ಬಂದಾಗ ತಿಳಿಯುತ್ತದೆ.

ನದಿಯ ನೀರಿನ ಮಟ್ಟವೂ ಗಮನದಲ್ಲಿರಲಿ. ಬಾಸೆಲ್‌ನಿಂದ ಇಫೆಟ್ಸ್‌ಹೈಮ್‌ವರೆಗಿನ ರೈನ್‌ಗೆ ಹತ್ತು ಕಡೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿರುವುದರಿಂದ ಇಲ್ಲಿ ನೀರು ಕಡಿಮೆಯಾಗಿ ಹಡಗು ನಿಂತಿತು ಎಂಬ ಮಾತು ಅಷ್ಟಾಗಿ ಕೇಳಿಬರುವುದಿಲ್ಲ; ಆ ತೊಂದರೆ ನದಿಯ ಕೆಳಭಾಗದ ಕೌಬ್ ಎಂಬ ಊರಿನ ಬಳಿಯದು. ಇಲ್ಲಿನ ಚಳಿಗಾಲದ ಅಪಾಯ ಪ್ರವಾಹ. ಡಿಸೆಂಬರ್-ಜನವರಿಯಲ್ಲಿ ಹಿಮ ಕರಗಿ, ಮೇಲೆ ಮಳೆಯೂ ಸುರಿದರೆ ನದಿ ಒಮ್ಮೆಲೇ ಏರುತ್ತದೆ. ಕಾರ್ಲ್ಸ್‌ರೂಹೆ ಬಳಿಯ ಮಾಕ್ಸೌ ಮಾಪಕದಲ್ಲಿ ನೀರು 7.50 ಮೀಟರ್ ದಾಟಿದರೆ ಆ ಭಾಗದಲ್ಲಿ ಹಡಗು ಸಂಚಾರ ನಿಲ್ಲಿಸುತ್ತಾರೆ. ಅಂಥ ಸಂದರ್ಭದಲ್ಲಿ ಕಂಪನಿಗಳು ಪ್ರಯಾಣಿಕರನ್ನು ಬಸ್ಸಿನಲ್ಲಿ ಸಾಗಿಸುವುದುಂಟು. ಕರಾರಿನ ಸಣ್ಣ ಅಕ್ಷರಗಳಲ್ಲಿ ಇದಕ್ಕೆ ಅವಕಾಶ ಬರೆದುಕೊಂಡಿರುತ್ತಾರೆ, ಓದಿಕೊಂಡು ಸಹಿ ಮಾಡಿ.

ವೀಸಾ, ಮತ್ತು ಬಾಸೆಲ್‌ನಲ್ಲಿ ಸ್ವಲ್ಪ ಹೊತ್ತು

ಸ್ವಿಟ್ಜರ್ಲೆಂಡ್, ಫ್ರಾನ್ಸ್, ಜರ್ಮನಿ ಮೂರೂ ಶೆಂಗೆನ್ ವಲಯಕ್ಕೆ ಸೇರಿರುವುದರಿಂದ ಒಂದೇ ವೀಸಾ ಸಾಕು. ಹೆಚ್ಚು ದಿನ ಯಾವ ದೇಶದಲ್ಲಿ ಕಳೆಯುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು, ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಹಡಗಿನ ಪ್ರಯಾಣದಲ್ಲಿ ಇದು ಸ್ವಲ್ಪ ಗೋಜಲು, ಏಕೆಂದರೆ ಅದೇ ನದಿಯ ಎಡದಂಡೆ ಫ್ರಾನ್ಸ್, ಬಲದಂಡೆ ಜರ್ಮನಿ. ಹಡಗಿನ ದಿನವಹಿಯನ್ನು ಮುಂದಿಟ್ಟುಕೊಂಡು ಪ್ರತಿ ದಿನ ಯಾವ ದೇಶದ ಧಕ್ಕೆಯಲ್ಲಿ ಎಂದು ಪಟ್ಟಿ ಮಾಡಿ, ಆ ಪಟ್ಟಿಯನ್ನು ಅರ್ಜಿಯ ಜೊತೆಗೇ ಲಗತ್ತಿಸಿದರೆ ಪ್ರಶ್ನೆಗಳು ಕಡಿಮೆಯಾಗುತ್ತವೆ. ಬೆಂಗಳೂರಿನಲ್ಲಿಯೇ ಜರ್ಮನಿಯ ಕಾನ್ಸುಲೇಟ್ ಇದೆ. ಅರ್ಜಿಯನ್ನು ವಿಎಫ್‌ಎಸ್ ಕೇಂದ್ರದಲ್ಲಿ ಸಲ್ಲಿಸಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಸ್ವೀಕರಿಸುತ್ತಾರೆ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ಬಾಸೆಲ್‌ನಿಂದ ಹಡಗು ಹತ್ತುವವರಿಗೆ ಒಂದು ಮಾತು. ಮಂಗಳೂರು, ಧಾರವಾಡದ ಶಾಲೆಗಳು, ಹೆಂಚಿನ ಕಾರ್ಖಾನೆಗಳು, ಮುದ್ರಣಾಲಯಗಳ ಮೂಲಕ ನಮಗೆ ಪರಿಚಿತವಾದ ಬಾಸೆಲ್ ಮಿಷನ್ನಿನ ತವರು ಇದೇ ನಗರ. ಆ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು; ಅದರ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು. ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾಯಿತು. ಮಿಷನ್ನಿನ ಹಳೆಯ ಕಟ್ಟಡ ನಗರದ ಮಿಸಿಯೋನ್ಸ್‌ಸ್ಟ್ರಾಸೆಯಲ್ಲಿದೆ. ಹಡಗು ಸಂಜೆ ಹೊರಡುವುದಾದರೆ ಬೆಳಗಿನ ಹೊತ್ತು ಅಲ್ಲಿಗೆ ಹೋಗಿ ಬರಬಹುದು.

ಹಡಗಿನ ಬಸ್ಸೋ, ಸ್ವಂತ ರೈಲೋ

ಹಡಗಿನ ಕಂಪನಿ ಏರ್ಪಡಿಸುವ ಕಾಡಿನ ಪ್ರವಾಸ ಹೆಚ್ಚೂಕಡಿಮೆ ಒಂದೇ ಅಚ್ಚಿನದು. ಬಸ್ಸಿನಲ್ಲಿ ಹೋಲೆಂಟಾಲ್ ಕಣಿವೆಯವರೆಗೆ ಪಯಣ, ಅಲ್ಲಿನ ಹೋಫ್‌ಗುಟ್ ಸ್ಟೆರ್ನೆನ್ ಎಂಬ ಹಳೆಯ ತಂಗುದಾಣದಲ್ಲಿ ಕೋಗಿಲೆ ಗಡಿಯಾರದ ಪ್ರಾತ್ಯಕ್ಷಿಕೆ, ಗಾಜು ಊದುವವರ ಕೆಲಸ, ಒಂದು ತುಂಡು ಕೇಕು, ಮತ್ತೆ ಬಸ್ಸು. ಅರ್ಧ ದಿನದಲ್ಲಿ ಮುಗಿಯುತ್ತದೆ; ಮಂಡಿನೋವಿನವರಿಗೆ, ಪುಟ್ಟ ಮಕ್ಕಳಿರುವವರಿಗೆ ಇದೇ ಒಳ್ಳೆಯದು. ಬಸ್ಸು ತಡವಾದರೆ ಹಡಗು ಕಾಯುತ್ತದೆ ಎಂಬುದು ಇದರ ದೊಡ್ಡ ಅನುಕೂಲ. ಸ್ವಂತವಾಗಿ ಹೋದವರಿಗಾಗಿ ಹಡಗು ಕಾಯುವುದಿಲ್ಲ.

ಆದರೂ ನಡೆಯಬಲ್ಲವರಿಗೆ ನನ್ನ ಸಲಹೆ ರೈಲು. ಬ್ರೈಸಾಖ್‌ನಿಂದ ಫ್ರೈಬುರ್ಗ್ ಮೂಲಕ ಕಾಡಿನ ಸರೋವರದ ಊರಾದ ಟಿಟಿಸೇವರೆಗೆ ಬ್ರೈಸ್‌ಗೌ ಎಸ್-ಬಾನ್ ಎಂಬ ಸ್ಥಳೀಯ ರೈಲುಗಳು ಓಡುತ್ತವೆ, ಮತ್ತು ಆ ರೈಲುಮಾರ್ಗವೇ ದಿನದ ಅತ್ಯುತ್ತಮ ನೋಟಗಳಲ್ಲಿ ಒಂದು. ಬಸ್ಸಿನಲ್ಲಿ ಹೋದರೆ ಹಳ್ಳಿಯ ಬದಲು ಅಂಗಡಿ ನೋಡಿ ಬಂದಂತಾಗುತ್ತದೆ.

ಟಿಕೆಟಿಗಾಗಿ ‘ಬಾಡೆನ್-ವ್ಯೂರ್ಟೆಂಬೆರ್ಗ್ ಟಿಕೆಟ್’ ಕೇಳಿ. ಐದು ಜನರವರೆಗೆ ಒಂದೇ ಟಿಕೆಟಿನಲ್ಲಿ ಇಡೀ ರಾಜ್ಯದ ಪ್ರಾದೇಶಿಕ ರೈಲುಗಳಲ್ಲಿ ದಿನವಿಡೀ ಓಡಾಡಬಹುದು. ವಾರದ ದಿನಗಳಲ್ಲಿ ಇದು ಬೆಳಿಗ್ಗೆ 9ರ ನಂತರವೇ ಚಾಲ್ತಿಗೆ ಬರುತ್ತದೆ, ಶನಿವಾರ, ಭಾನುವಾರ ಆ ನಿರ್ಬಂಧವಿಲ್ಲ. ಟಿಕೆಟಿನ ಮೇಲೆ ಪ್ರಯಾಣಿಕರ ಹೆಸರು ಬರೆಯಬೇಕು. ತಪಾಸಣೆಗೆ ಬಂದವರು ಗುರುತಿನ ಚೀಟಿ ಕೇಳುವುದರಿಂದ ಪಾಸ್‌ಪೋರ್ಟ್ ಜೊತೆಗಿರಲಿ. ಬ್ಲ್ಯಾಕ್ ಫಾರೆಸ್ಟಿನಲ್ಲಿ ಅತಿಥಿಗಳಿಗೆ ಉಚಿತ ಪ್ರಯಾಣ ಎಂದು ಹಲವರು ಹೇಳುವುದು ‘ಕೋನುಸ್’ ಎಂಬ ಅತಿಥಿ ಕಾರ್ಡಿನ ವಿಚಾರ. ಅದು ಅಲ್ಲಿನ ಹೋಟೆಲುಗಳಲ್ಲಿ ರಾತ್ರಿ ತಂಗಿದವರಿಗೆ ಮಾತ್ರ; ಹಡಗಿನಲ್ಲಿ ಮಲಗುವವರಿಗೆ ಸಿಗುವುದಿಲ್ಲ.

ಉಡುಪು

ಡಿಸೆಂಬರಿನಲ್ಲಿ ನದಿಬಯಲಿನ ಹಗಲಿನ ಉಷ್ಣತೆ ಶೂನ್ಯದಿಂದ ಐದಾರು ಡಿಗ್ರಿಯ ಆಸುಪಾಸು. ಬೆಟ್ಟದ ಮೇಲೆ ಇನ್ನೂ ಕಡಿಮೆ. ಒಂದು ದಪ್ಪ ಕೋಟಿಗಿಂತ ತೆಳುವಾದ ಮೂರು ಪದರ ವಾಸಿ, ಏಕೆಂದರೆ ರೈಲು, ಅಂಗಡಿ, ಹೋಟೆಲುಗಳ ಒಳಗೆ ಬೆಚ್ಚಗಿದ್ದು, ಹತ್ತು ನಿಮಿಷಕ್ಕೊಮ್ಮೆ ಕಳಚುವ, ತೊಡುವ ಕೆಲಸವಿರುತ್ತದೆ. ಮೈಗೆ ಅಂಟುವ ಪದರ ಹತ್ತಿಯದಾಗಬಾರದು: ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿದು ಚಳಿ ಹೆಚ್ಚಿಸುತ್ತದೆ. ಉಣ್ಣೆಯ ಅಥವಾ ಸಿಂಥೆಟಿಕ್ ಥರ್ಮಲ್ ಇರಲಿ. ಸೀರೆಯನ್ನೇ ಉಡುವ ಹಿರಿಯರು ಒಳಗೆ ಉಣ್ಣೆಯ ಲೆಗ್ಗಿಂಗ್, ಕಾಲಿಗೆ ಉದ್ದನೆಯ ಸಾಕ್ಸ್ ಹಾಕಿ, ನೆರಿಗೆಯನ್ನು ಒಂದಂಗುಲ ಮೇಲಕ್ಕೆ ಉಟ್ಟರೆ ಕರಗಿದ ಹಿಮದ ಕೆಸರಿನಲ್ಲಿ ಅಂಚು ಒದ್ದೆಯಾಗುವುದಿಲ್ಲ. ಅದಕ್ಕಿಂತ ಮುಖ್ಯವಾದುದು ಪಾದರಕ್ಷೆ. ಅಡಿಭಾಗ ನುಣುಪಾದ ಸ್ಪೋರ್ಟ್ಸ್ ಶೂ ಹಾಕಿ ಬಂದವರು ಕಲ್ಲುಹಾಸಿನ ಮೇಲಿನ ತೆಳು ಮಂಜುಗಡ್ಡೆಗೆ ಜಾರುತ್ತಾರೆ. ಆಳವಾದ ಗೀರುಗಳಿರುವ, ನೀರು ಒಳಬಿಡದ ಬೂಟು ಬೇಕು. ಚಳಿಗೆ ಮೊಬೈಲಿನ ಬ್ಯಾಟರಿ ಬೇಗ ಇಳಿಯುವುದರಿಂದ ಅದನ್ನು ಒಳಜೇಬಿನಲ್ಲಿಡಿ.

ಬೆಳಗಿನ ಮಂಜನ್ನು ಓದುವುದು

ಹಡಗಿನಲ್ಲಿ ಎದ್ದು ಕಿಟಕಿಯ ಪರದೆ ಸರಿಸಿದಾಗ ಎದುರಿನ ದಂಡೆಯೂ ಕಾಣದಷ್ಟು ಮಂಜು ಕವಿದಿದ್ದರೆ ಪ್ರವಾಸ ಕೆಟ್ಟಿತೆಂದು ಅನೇಕರು ಹಾಸಿಗೆಗೆ ಮರಳುತ್ತಾರೆ. ಅಂಥ ದಿನವೇ ಮೇಲಕ್ಕೆ ಹೋಗಬೇಕು. ಚಳಿಗಾಲದಲ್ಲಿ ಗಾಳಿ ನಿಂತಾಗ ಭಾರವಾದ ತಣ್ಣನೆಯ ಗಾಳಿ ರೈನ್ ಬಯಲಿನಲ್ಲಿ ಮಡುಗಟ್ಟಿ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಕೆಳಗೆ ಬೂದು ಮಂಜು ಕವಿದಿರುವಾಗಲೇ ಮೇಲಿನ ಹಳ್ಳಿಗಳಲ್ಲಿ ನೀಲಿ ಆಕಾಶವಿರುವುದು ಆ ಸೀಮೆಯವರಿಗೆಲ್ಲ ಗೊತ್ತಿರುವ ಸಂಗತಿ. ಬೆಳಗಿನ ತಿಂಡಿಯ ಹೊತ್ತಿಗೆ ಮೊಬೈಲಿನಲ್ಲಿ ಫೆಲ್ಡ್‌ಬೆರ್ಗ್ ಶಿಖರದ ವೆಬ್‌ಕ್ಯಾಮ್ ತೆರೆದು ನೋಡಿ. 1493 ಮೀಟರ್ ಎತ್ತರದ ಆ ಶಿಖರ ಬ್ಲ್ಯಾಕ್ ಫಾರೆಸ್ಟಿನಲ್ಲೇ ಎತ್ತರದ್ದು. ಅಲ್ಲಿ ಬಿಸಿಲಿದ್ದರೆ ತಡಮಾಡದೆ ಹೊರಡಿ. ಬಿಸಿಲು ತೀರ ಚೆನ್ನಾಗಿದ್ದರೆ ಟಿಟಿಸೇಯಲ್ಲಿ ಇಳಿಯದೆ ಮುಂದಿನ ಫೆಲ್ಡ್‌ಬೆರ್ಗ್-ಬೇರೆಂಟಾಲ್ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಶಿಖರದ ಕಡೆಗೆ ಏರಿದರೆ ಆಲ್ಪ್ಸ್ ಸಾಲು ಕಾಣುವ ಸಾಧ್ಯತೆಯಿದೆ. ವೆಬ್‌ಕ್ಯಾಮ್‌ನಲ್ಲೂ ಮೋಡ, ಕೆಳಗೆ ಜಿಟಿಜಿಟಿ ಮಳೆ ಎಂದಾದರೆ ಮಾತ್ರ ಬೆಟ್ಟದ ಯೋಜನೆ ಕೈಬಿಟ್ಟು ಫ್ರೈಬುರ್ಗ್‌ನಲ್ಲಿ ದಿನ ಕಳೆಯಬಹುದು.

ಕಣಿವೆಯ ರೈಲು

ಧಕ್ಕೆಯಿಂದ ಬ್ರೈಸಾಖ್ ರೈಲು ನಿಲ್ದಾಣಕ್ಕೆ ನಡೆದೇ ಹೋಗಬಹುದು. ದಾರಿಯಲ್ಲಿ ಬೆಟ್ಟದ ಮೇಲೆ ಕಾಣುವ ಸೇಂಟ್ ಸ್ಟೀಫನ್ ಚರ್ಚಿನಲ್ಲಿ ಮಾರ್ಟಿನ್ ಶೋನ್‌ಗಾವರ್ ಬರೆದ ಗೋಡೆಚಿತ್ರಗಳೂ ಎಚ್.ಎಲ್. ಎಂಬ ಅಂಕಿತ ಮಾತ್ರ ಬಿಟ್ಟುಹೋದ ಶಿಲ್ಪಿ 1520ರ ದಶಕದಲ್ಲಿ ಕೆತ್ತಿದ ಮರದ ಪೂಜಾವೇದಿಕೆಯೂ ಇವೆ. ನೋಡತಕ್ಕವೇ, ಆದರೆ ಬೆಳಗಿನ ಬೆಳಕನ್ನು ಅದಕ್ಕೆ ಖರ್ಚು ಮಾಡಬೇಡಿ. ಮೇಲೇರುವ ಕಲ್ಲುಹಾಸು ಆ ಹೊತ್ತಿಗೆ ಜಾರುತ್ತಲೂ ಇರುತ್ತದೆ.

ಒಂಬತ್ತರ ಆಸುಪಾಸಿನ ರೈಲು ಹಿಡಿಯಿರಿ. ಫ್ರೈಬುರ್ಗ್‌ಗೆ ಸುಮಾರು ಅರ್ಧ ಗಂಟೆ, ಅಲ್ಲಿಂದ ಟಿಟಿಸೇಗೆ ಮುಕ್ಕಾಲು ಗಂಟೆ. ಈ ಮಾರ್ಗದ ರೈಲುಗಳು ನಡುವೆ ಎರಡು ಭಾಗವಾಗಿ ಕವಲೊಡೆದು ಬೇರೆ ಬೇರೆ ಊರಿಗೆ ಹೋಗುವುದುಂಟು. ಹತ್ತುವಾಗ ನಿಮ್ಮ ಬೋಗಿಯ ಫಲಕದಲ್ಲಿ ಯಾವ ಊರಿನ ಹೆಸರಿದೆ ಎಂದು ಓದುವ ಅಭ್ಯಾಸವಿಟ್ಟುಕೊಳ್ಳಿ. ಮರಳುವಾಗ ಇದು ಇನ್ನೂ ಮುಖ್ಯವಾಗುತ್ತದೆ.

ಫ್ರೈಬುರ್ಗ್ ದಾಟಿ ಕಿರ್ಖ್‌ಸಾರ್ಟೆನ್‌ನ ಬಯಲು ಮುಗಿದ ಮೇಲೆ ಹಿಮ್ಮೆಲ್‌ರೈಖ್ ಎಂಬ ಸಣ್ಣ ನಿಲ್ದಾಣ ಬರುತ್ತದೆ. ಪುಸ್ತಕ, ಮೊಬೈಲು ಎಲ್ಲ ಒಳಗಿಟ್ಟು ಕಿಟಕಿಗೆ ಅಂಟಿಕೊಳ್ಳಬೇಕಾದ ಜಾಗ ಇದು. ಸುಮಾರು 455 ಮೀಟರ್ ಎತ್ತರದ ಈ ನಿಲ್ದಾಣದಿಂದ 885 ಮೀಟರ್ ಎತ್ತರದ ಹಿಂಟರ್‌ಸಾರ್ಟೆನ್‌ವರೆಗೆ ಹಳಿ ಒಂದೇ ಸಮನೆ ಏರುತ್ತದೆ. ಅತಿ ಕಡಿದಾದ ಭಾಗದಲ್ಲಿ 1000 ಮೀಟರ್ ಮುಂದೆ ಹೋಗುವಷ್ಟರಲ್ಲಿ ಸುಮಾರು 57 ಮೀಟರ್ ಮೇಲೇರುತ್ತದೆ. ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯ ಹಳಿ ಅದೇ ದೂರದಲ್ಲಿ ಏರುವುದು 20 ಮೀಟರ್ ಎಂದರೆ ಈ ಏರು ಎಷ್ಟು ಕಡಿದಾದುದೆಂದು ನಮ್ಮವರಿಗೆ ಅರ್ಥವಾದೀತು. 1887ರಲ್ಲಿ ಮಾರ್ಗ ತೆರೆದಾಗ ಹಳಿಗಳ ನಡುವೆ ಹಲ್ಲುಗಳಿದ್ದ ಮೂರನೆಯ ಕಂಬಿಯನ್ನು ಕಚ್ಚಿಕೊಂಡೇ ಎಂಜಿನ್ನು ಏರಬೇಕಿತ್ತು; ಬಲವಾದ ಉಗಿ ಎಂಜಿನ್ನುಗಳು ಬಂದ ಮೇಲೆ, 1933ರಲ್ಲಿ, ಆ ವ್ಯವಸ್ಥೆ ಬಿಟ್ಟರು.

ಕಣಿವೆ ಕಿರಿದಾಗುತ್ತ ಹೋಗಿ ಹಿರ್ಷ್‌ಸ್ಪ್ರುಂಗ್ ಎಂಬಲ್ಲಿ ಎರಡೂ ಕಡೆಯ ಬಂಡೆ ಹತ್ತಿರ ಬರುತ್ತವೆ. ಬೇಟೆಗಾರನಿಂದ ತಪ್ಪಿಸಿಕೊಳ್ಳಲು ಜಿಂಕೆಯೊಂದು ಈ ಬಂಡೆಯಿಂದ ಆ ಬಂಡೆಗೆ ಹಾರಿತೆಂಬ ಐತಿಹ್ಯವಿದ್ದು, ಮೇಲೆ ಜಿಂಕೆಯ ಪ್ರತಿಮೆ ನಿಲ್ಲಿಸಿದ್ದಾರೆ. 1770ರಲ್ಲಿ, ಮುಂದೆ ಫ್ರಾನ್ಸಿನ ರಾಣಿಯಾದ ಮಾರಿ ಆಂಟೊನೆಟ್ ವಿಯೆನ್ನಾದಿಂದ ಫ್ರಾನ್ಸಿಗೆ ಮದುವೆಗೆಂದು ಹೊರಟಾಗ ಅವಳ ರಥಗಳ ಸಾಲು ಹಾದುಹೋಗಲೆಂದು ಈ ಕಣಿವೆಯ ರಸ್ತೆಯನ್ನು ಅಗಲ ಮಾಡಿಸಿದ್ದರು. ಆಮೇಲೆ ರೈಲು ರಾವೆನ್ನಾ ಸೇತುವೆ ದಾಟುತ್ತದೆ. ದಾಟುವುದು ಕೆಲವೇ ಕ್ಷಣ, ಒಳಗಿದ್ದವರಿಗೆ ಸೇತುವೆ ಕಾಣುವುದೂ ಇಲ್ಲ. ಅದನ್ನು ಕೆಳಗಿನಿಂದ ಸಂಜೆ ನೋಡಲಿದ್ದೇವೆ.

ಟಿಟಿಸೇ: ಸರೋವರ ಮತ್ತು ಗಡಿಯಾರ

ಟಿಟಿಸೇ ಹಿಮನದಿ ಕೊರೆದ ಸರೋವರ, ಸುಮಾರು 845 ಮೀಟರ್ ಎತ್ತರದಲ್ಲಿದೆ. ನಿಲ್ದಾಣದಿಂದ ದಡದವರೆಗಿನ ಬೀದಿ ಪೂರ್ತಿ ಅಂಗಡಿಗಳದು, ಬೇಸಿಗೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚಳಿಗಾಲದ ಬೆಳಿಗ್ಗೆ ಹೋದರೆ ಇದೇ ಊರು ಸಹ್ಯವಾಗುತ್ತದೆ. ಅಂಗಡಿಗಳನ್ನು ಬಿಟ್ಟು ಮೊದಲು ದಡದ ಹಾದಿಯಲ್ಲಿ ಅರ್ಧ ಗಂಟೆ ನಡೆದು ಬನ್ನಿ. ಐದಾರು ನಿಮಿಷದಲ್ಲಿಯೇ ಜನ ಮುಗಿದು ಸ್ಪ್ರೂಸ್, ಫರ್ ಮರಗಳು ನೀರಿನವರೆಗೂ ಇಳಿದಿರುವುದು ಕಾಣುತ್ತದೆ. ಸರೋವರ ಹೆಪ್ಪುಗಟ್ಟಿದ್ದರೂ ಊರಿನ ಆಡಳಿತ ಅನುಮತಿ ಘೋಷಿಸದೆ ಅದರ ಮೇಲೆ ಹೆಜ್ಜೆ ಇಡಕೂಡದು. ದಡದಲ್ಲಿ ಗಟ್ಟಿಯಾಗಿ ಕಂಡ ಮಂಜುಗಡ್ಡೆ ನಡುವೆ ತೆಳ್ಳಗಿರುತ್ತದೆ.

ಕೋಗಿಲೆ ಗಡಿಯಾರ ಕೊಳ್ಳುವ ಮನಸ್ಸಿದ್ದರೆ ಕೊಂಚ ತಿಳಿದುಕೊಂಡು ಹೋಗಿ. ಅಂಗಡಿಯಲ್ಲಿ ಎರಡು ಜಾತಿ ಇರುತ್ತವೆ: ಯಾಂತ್ರಿಕ ಗಡಿಯಾರ ಮತ್ತು ಬ್ಯಾಟರಿಯ ಕ್ವಾರ್ಟ್ಜ್ ಗಡಿಯಾರ. ಯಾಂತ್ರಿಕವಾದುದರಲ್ಲಿ ಸರಪಳಿಗೆ ತೂಗುಬಿಟ್ಟ ಪೈನ್ ಕಾಯಿಯ ಆಕಾರದ ಕಬ್ಬಿಣದ ತೂಕಗಳೇ ಚಾಲಕಶಕ್ತಿ. ಸಣ್ಣ ತೂಕದ್ದಾದರೆ ದಿನಕ್ಕೊಮ್ಮೆ, ದೊಡ್ಡ ತೂಕದ್ದಾದರೆ ಎಂಟು ದಿನಕ್ಕೊಮ್ಮೆ ಸರಪಳಿ ಎಳೆಯಬೇಕು. ಮುಳ್ಳನ್ನು ನಿಧಾನವಾಗಿ ಗಂಟೆಯವರೆಗೆ ತಿರುಗಿಸಿ ತೋರಿಸಿರೆಂದು ಅಂಗಡಿಯವರನ್ನು ಕೇಳಿ, ಪಕ್ಕದಿಂದ ಒಳಗೆ ಬಗ್ಗಿ ನೋಡಿ. ಬೆರಳುದ್ದದ ಎರಡು ಮರದ ಕೊಳವೆಗಳ ತಲೆಯ ಮೇಲೆ ಕಾಗದದ ಪುಟ್ಟ ತಿದಿಗಳಿರುತ್ತವೆ. ಒಂದು ತಂತಿ ಮೊದಲ ತಿದಿಯನ್ನು ಎತ್ತಿ ಬಿಡುತ್ತದೆ, ಮೇಲಿನ ಸ್ವರ. ಅದು ಕುಸಿಯುತ್ತಿದ್ದಂತೆ ಎರಡನೆಯದು ಎದ್ದು ಬೀಳುತ್ತದೆ, ಕೆಳಗಿನ ಸ್ವರ. ಬಾಗಿಲು ತೆರೆದು ತಲೆ ಬಾಗಿಸುವ ಹಕ್ಕಿಗೂ ಆ ಸದ್ದಿಗೂ ತಂತಿಯ ನಂಟಷ್ಟೇ. ತಿದಿಯ ಎರಡು ಸ್ವರ ಒಂದರ ಮೇಲೊಂದು ಬೀಳದೆ ಬೇರೆಬೇರೆಯಾಗಿ ಕೇಳಿದರೆ ಗಡಿಯಾರ ಸರಿಯಾಗಿ ಹೊಂದಿಸಿದೆ ಎಂದರ್ಥ. ಪೂರ್ತಿ ಯಾಂತ್ರಿಕವಾಗಿದ್ದು ಅಲ್ಲಿಯೇ ತಯಾರಾದವುಗಳಿಗೆ ‘ವಿಡಿಎಸ್’ ಎಂಬ ಪ್ರಮಾಣಪತ್ರ ಕೊಡುತ್ತಾರೆ. ಮನೆಯ ಆಕಾರದ ಗಡಿಯಾರದ ವಿನ್ಯಾಸ ಹುಟ್ಟಿದ್ದು 1850ರಲ್ಲಿ, ಫ್ರೀಡ್ರಿಖ್ ಐಸೆನ್‌ಲೋರ್ ಎಂಬ ವಾಸ್ತುಶಿಲ್ಪಿ ಬರೆದ ರೈಲ್ವೆ ಕಾವಲುಮನೆಯ ಮಾದರಿಯಿಂದ.

ಕೊಂಡದ್ದನ್ನು ಊರಿಗೆ ಒಯ್ಯುವಾಗ ತಿದಿಗಳನ್ನು ಕ್ಲಿಪ್ಪಿನಿಂದ, ಸರಪಳಿಯನ್ನು ತಂತಿಯಿಂದ ಕಟ್ಟಿಕೊಡಲು ಹೇಳಿ. ಕಬ್ಬಿಣದ ತೂಕಗಳು ಚೆಕ್-ಇನ್ ಸಾಮಾನಿನಲ್ಲಿರಲಿ. 50 ಯೂರೋಗಿಂತ ಹೆಚ್ಚಿನ ಖರೀದಿಗೆ ತೆರಿಗೆ ಮರುಪಾವತಿಯ ಫಾರಂ ಕೇಳಬಹುದು. ಅದಕ್ಕೆ ಯೂರೋಪಿಯನ್ ಒಕ್ಕೂಟ ಬಿಡುವ ಜಾಗದಲ್ಲಿ ಕಸ್ಟಮ್ಸ್ ಮುದ್ರೆ ಬೀಳಬೇಕು. ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿಲ್ಲ. ಹಾಗಾಗಿ ಬಾಸೆಲ್‌ನಲ್ಲಿ ಪ್ರವಾಸ ಮುಗಿಸುವವರು ಜ್ಯೂರಿಕ್ ವಿಮಾನ ನಿಲ್ದಾಣದವರೆಗೆ ಕಾದರೆ ಹೊತ್ತು ಮೀರಿರುತ್ತದೆ. ಮುದ್ರೆ ಎಲ್ಲಿ ಹಾಕಿಸಬೇಕೆಂದು ಹಡಗಿನ ಸ್ವಾಗತಕಟ್ಟೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಊಟ, ವಿಶೇಷವಾಗಿ ಸಸ್ಯಾಹಾರಿಗಳಿಗೆ

ಹನ್ನೆರಡಕ್ಕೇ ಊಟಕ್ಕೆ ಕೂತುಬಿಡಿ. ಹಳ್ಳಿಯ ಅಡುಗೆಮನೆಗಳು ಎರಡು ಗಂಟೆಗೆ ಮುಚ್ಚುವುದು ಸಾಮಾನ್ಯ. ನಿಮ್ಮ ಬೆಳಕೂ ಉಳಿಯುತ್ತದೆ. ಸಸ್ಯಾಹಾರಿಗಳಿಗೆ ನೆಚ್ಚಬಹುದಾದ ತಿನಿಸು ಕೇಸೆಶ್ಪೆಟ್ಸ್‌ಲೆ: ಹಿಟ್ಟಿನ ಸಣ್ಣ ತುಣುಕುಗಳನ್ನು ಬೇಯಿಸಿ ಚೀಸ್ ಕಲಸಿ ಮೇಲೆ ಹುರಿದ ಈರುಳ್ಳಿ ಹಾಕಿರುತ್ತಾರೆ. ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ, ಅದು ಗೊತ್ತಿರಲಿ. ಫ್ಲಾಮ್‌ಕೂಖೆನ್ ಎಂಬ ತೆಳು ರೊಟ್ಟಿಯ ಮೇಲೆ ಹಂದಿಮಾಂಸದ ಚೂರು ಹಾಕುವುದೇ ರೂಢಿ, ‘ಓನೆ ಶ್ಪೆಕ್’ ಎಂದರೆ ಅದಿಲ್ಲದೆ ಕೊಡುತ್ತಾರೆ. ಮೊಟ್ಟೆಯನ್ನೂ ತಿನ್ನದವರು ಹಡಗಿನ ತಿಂಡಿಯ ಮೇಜಿನಿಂದ ಬ್ರೆಡ್ಡು, ಹಣ್ಣು ಹೊಟ್ಟೆತುಂಬ ತಿಂದು, ಚೀಲದಲ್ಲಿ ಚಪಾತಿ-ಚಟ್ನಿಪುಡಿಯಂಥದ್ದು ಇಟ್ಟುಕೊಂಡು ಹೊರಡುವುದೇ ಕ್ಷೇಮ. ಇಲ್ಲಿನ ಹೆಸರಾಂತ ಬ್ಲ್ಯಾಕ್ ಫಾರೆಸ್ಟ್ ಕೇಕಿನಲ್ಲಿ ಚೆರ್ರಿಯ ಕಿರ್ಷ್ ಎಂಬ ಮದ್ಯ ನಿಜವಾಗಿಯೂ ಇರುತ್ತದೆ, ಕೆನೆ ನಿಲ್ಲಲು ಪ್ರಾಣಿಮೂಲದ ಜೆಲಟಿನ್ ಹಾಕುವುದೂ ಉಂಟು. ಬೆಂಗಳೂರಿನ ಬೇಕರಿಯ ಸಿಹಿಯನ್ನು ನಿರೀಕ್ಷಿಸಿ ಬಾಯಿಗಿಟ್ಟವರು ಮೊದಲ ತುತ್ತಿಗೇ ಬೆಚ್ಚುತ್ತಾರೆ. ಮಕ್ಕಳಿಗೆ ಕೊಡುವ ಮುನ್ನ ಕೇಳಿ.

ಹಿಂಟರ್‌ಸಾರ್ಟೆನ್‌ನಿಂದ ರಾವೆನ್ನಾ ಕಮರಿಗೆ

ಒಂದು ಗಂಟೆಯ ಸುಮಾರಿಗೆ ಕೆಳಮುಖ ರೈಲು ಹಿಡಿದು ಮುಂದಿನ ನಿಲ್ದಾಣ ಹಿಂಟರ್‌ಸಾರ್ಟೆನ್‌ನಲ್ಲಿ ಇಳಿಯಿರಿ. ಅಂಗಡಿಗಳ ಗದ್ದಲವಿಲ್ಲದ, ನಿಜವಾಗಿ ಹಳ್ಳಿ ಎನ್ನಬಹುದಾದ ಊರು ಇದು. ಸೂರು ನೆಲದ ಹತ್ತಿರದವರೆಗೂ ಇಳಿದ ದೊಡ್ಡ ದೊಡ್ಡ ಮರದ ಮನೆಗಳನ್ನು ಇಲ್ಲಿ ನಿಂತು ನೋಡಿ. ಹಿಂದೆ ಜನ, ದನ, ಹುಲ್ಲು ಎಲ್ಲ ಅದೇ ಒಂದು ಮಾಡಿನಡಿ ಚಳಿಗಾಲ ಕಳೆಯುತ್ತಿದ್ದರು; ದನದ ಮೈಯ ಬಿಸಿ ಮತ್ತು ಅಟ್ಟದ ಹುಲ್ಲಿನ ದಪ್ಪ ಮನೆಯನ್ನು ಬೆಚ್ಚಗಿಡುತ್ತಿದ್ದವು. ಮಲೆನಾಡಿನ ಮಾಡು ಮಳೆಗಾಗಿ ಇಳಿದಂತೆ ಈ ಮಾಡು ಹಿಮಕ್ಕಾಗಿ ಇಳಿದಿದೆ. ಊರಿನ ಹೂಗೆನ್‌ಹೋಫ್ ಎಂಬ ಅಂಥದೇ ಹಳೆಯ ಮನೆಯಲ್ಲಿ ಸ್ಕೀ ವಸ್ತುಸಂಗ್ರಹಾಲಯವಿದೆ, ಊರಿನಂಚಿನ ಆಡ್ಲರ್ ಸ್ಕೀ ಜಿಗಿತದ ಗೋಪುರಗಳು ದೂರದಿಂದಲೇ ಕಾಣುತ್ತವೆ. ನಿಲ್ದಾಣದ ಪಕ್ಕದ ಜವುಗುಕಾಡಿನಲ್ಲಿ ಸಮತಟ್ಟಾದ ಕಾಲುಹಾದಿಯಿದೆ. ಕಮರಿಯೊಳಗಿನ ಕಾಲುದಾರಿಗಳನ್ನು ಮಾತ್ರ ಚಳಿಗಾಲದಲ್ಲಿ ಪ್ರಯತ್ನಿಸಬೇಡಿ; ಮಂಜುಗಡ್ಡೆ ಕಟ್ಟಿದ ಮರದ ಮೆಟ್ಟಿಲುಗಳು ಅಲ್ಲಿನವರಿಗೂ ಕಷ್ಟ.

ಮೂರೂವರೆಯ ಹೊತ್ತಿಗೆ ರಾವೆನ್ನಾ ಕಮರಿಗೆ ಇಳಿಯುವ ಸಮಯ. ಒಂಬತ್ತು ಕಮಾನುಗಳ, 36 ಮೀಟರಿಗೂ ಮಿಕ್ಕ ಎತ್ತರದ ಕಲ್ಲಿನ ಸೇತುವೆಯ ಬುಡದಲ್ಲಿ, ಹೋಫ್‌ಗುಟ್ ಸ್ಟೆರ್ನೆನ್ ಪಕ್ಕದಲ್ಲಿ, ಅಡ್ವೆಂಟ್ ವಾರಾಂತ್ಯಗಳಲ್ಲಿ ಕ್ರಿಸ್‌ಮಸ್ ಸಂತೆ ನಡೆಯುತ್ತದೆ. ವಾರಾಂತ್ಯದ ಹಡಗು ಹಿಡಿಯಿರಿ ಎಂದದ್ದು ಇದಕ್ಕಾಗಿ. ಸಂತೆಗೆ ಪ್ರವೇಶ ಟಿಕೆಟ್ ಬೇಕು. ಅದನ್ನು ಆನ್‌ಲೈನ್‌ನಲ್ಲಿ ವಾರಗಳ ಮುಂಚೆಯೇ ಸಮಯ ಆರಿಸಿ ಕೊಳ್ಳಬೇಕು, ಶನಿವಾರದ ಸಂಜೆಯ ಹೊತ್ತು ಬೇಗ ಮುಗಿದುಹೋಗುತ್ತದೆ. ಸ್ಥಳದಲ್ಲಿ ರೈಲು ನಿಲ್ದಾಣವಿಲ್ಲ. ಮೇಲಿನ ಹಿಂಟರ್‌ಸಾರ್ಟೆನ್ ಮತ್ತು ಕೆಳಗಿನ ಹಿಮ್ಮೆಲ್‌ರೈಖ್ ನಿಲ್ದಾಣಗಳಿಂದ ಸಂತೆಯ ಬಸ್ಸುಗಳು ಬಂದುಹೋಗುತ್ತವೆ. ಮೇಲಿನಿಂದ ಇಳಿದು, ಮುಗಿಸಿ ಕೆಳಗಿನ ನಿಲ್ದಾಣಕ್ಕೆ ಹೋದರೆ ಮತ್ತೆ ಬೆಟ್ಟ ಏರುವ ಕೆಲಸ ತಪ್ಪುತ್ತದೆ. ನಿಮ್ಮ ಟಿಕೆಟ್ ಅದಕ್ಕೆ ಅವಕಾಶ ಕೊಡುತ್ತದೆಯೇ ಎಂದು ಕಾಯ್ದಿರಿಸುವಾಗಲೇ ನೋಡಿಕೊಳ್ಳಿ.

ನಾಲ್ಕು ಗಂಟೆಗೆಲ್ಲ ಕಮರಿಯಲ್ಲಿ ನೆರಳು ಕವಿದಿರುತ್ತದೆ. ಮರದ ಗೂಡಂಗಡಿಗಳ ಮೇಲೆ ಸೇತುವೆಯ ಕಮಾನುಗಳಿಗೆ ಬಣ್ಣದ ಬೆಳಕು ಬೀಳುತ್ತದೆ. ಬೆಳಗ್ಗೆ ನೀವು ಕುಳಿತು ಬಂದಂಥದೇ ರೈಲೊಂದು ತಲೆಯ ಮೇಲೆ, ಬೆಳಗಿದ ಕಿಟಕಿಗಳ ಸಾಲಾಗಿ ಹಾದುಹೋಗುವಾಗ ಆ ಎತ್ತರ ನಿಜವಾಗಿ ಅರಿವಿಗೆ ಬರುತ್ತದೆ. ಈ ಒಂದು ನೋಟಕ್ಕಾಗಿಯೇ ದಿನವನ್ನು ಹೀಗೆ ತಲೆಕೆಳಗಾಗಿ ಜೋಡಿಸಿದ್ದು. ಬಿಸಿ ವೈನಾದ ಗ್ಲ್ಯೂವೈನ್ ಕೊಳ್ಳುವಾಗ ಪಿಂಗಾಣಿ ಲೋಟಕ್ಕೂ ಠೇವಣಿ ಹಿಡಿಯುತ್ತಾರೆ, ಲೋಟ ಮರಳಿಸಿದರೆ ಹಣ ವಾಪಸ್. ಮದ್ಯ ಬೇಡವೆನ್ನುವವರು ‘ಕಿಂಡರ್‌ಪುನ್ಷ್’ ಕೇಳಬೇಕು. ಆಲೂಗಡ್ಡೆಯ ಗರಿಗರಿ ದೋಸೆಯಂಥ ಕಾರ್ಟೋಫೆಲ್‌ಪುಫರ್ ಅನ್ನು ಸೇಬಿನ ಗೊಜ್ಜಿನ ಜೊತೆ ಕೊಡುತ್ತಾರೆ, ಚಳಿಗೆ ಅದು ಹಿತ. ಸಣ್ಣ ಅಂಗಡಿಗಳಿಗೂ ಶೌಚಾಲಯಕ್ಕೂ ಚಿಲ್ಲರೆ ನಾಣ್ಯಗಳಿರಲಿ.

ನಿಮ್ಮ ಹಡಗು ವಾರದ ನಡುವೆ ಬಂದಿದ್ದರೆ ಕಮರಿಯ ಬದಲು ಫ್ರೈಬುರ್ಗ್‌ನಲ್ಲಿ ಇಳಿಯಿರಿ. ಅಲ್ಲಿನ ಸಂತೆ ವಾರವಿಡೀ ಇರುತ್ತದೆ ಮತ್ತು ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. 1944ರ ನವೆಂಬರಿನ ಬಾಂಬ್ ದಾಳಿಯಲ್ಲಿ ಸುತ್ತಲ ಊರೆಲ್ಲ ಸುಟ್ಟರೂ ಉಳಿದ ಚರ್ಚಿನ 116 ಮೀಟರ್ ಗೋಪುರ ಅಲ್ಲಿದೆ. ಬೀದಿಗಳ ಅಂಚಿನ ಸಣ್ಣ ನೀರಿನ ಕಾಲುವೆಗಳಿಗೆ ಕಾಲು ಹಾಕಿದವರು ಫ್ರೈಬುರ್ಗ್‌ನವರನ್ನೇ ಮದುವೆಯಾಗುತ್ತಾರೆಂದು ಊರವರ ನಂಬಿಕೆ. ಡಿಸೆಂಬರಿನಲ್ಲಿ ಒದ್ದೆಯಾದ ಸಾಕ್ಸ್ ಮಾತ್ರ ಖಚಿತ.

ಮರಳುವಿಕೆ

ಹಡಗಿನ ಧಕ್ಕೆಗೆ ತಲುಪಬೇಕಾದ ಹೊತ್ತಿಗಿಂತ ಒಂದೂವರೆ ಗಂಟೆ ಮುಂಚೆ ಬ್ರೈಸಾಖ್ ಮುಟ್ಟುವ ರೈಲನ್ನು ಗುರಿಯಾಗಿಟ್ಟುಕೊಳ್ಳಿ. ಆ ಒಂದೂವರೆ ಗಂಟೆ ಅತಿಯಾಯಿತೆನಿಸಬಹುದು. ಜರ್ಮನ್ ರೈಲುಗಳ ಸಮಯಪಾಲನೆಯ ಬಗ್ಗೆ ನಮ್ಮಲ್ಲಿರುವ ಗೌರವವನ್ನು ಅಲ್ಲಿನವರೇ ಈಗ ಹಂಚಿಕೊಳ್ಳುವುದಿಲ್ಲ. ಫ್ರೈಬುರ್ಗ್‌ನಿಂದ ಪಶ್ಚಿಮಕ್ಕೆ ಹೋಗುವ ರೈಲು ಗೊಟೆನ್‌ಹೈಮ್‌ನಲ್ಲಿ ಕವಲೊಡೆಯುವುದಿದ್ದರೆ ಬ್ರೈಸಾಖ್ ಎಂದು ಬರೆದ ಭಾಗದಲ್ಲಿಯೇ ಕೂರಿ, ಇಲ್ಲವಾದರೆ ಎಂಡಿಂಗೆನ್ ಎಂಬ ಬೇರೊಂದು ಊರಿಗೆ ಹೋಗಿರುತ್ತೀರಿ. ಹಡಗಿನ ಕಾರ್ಡು, ಹಡಗಿನ ತುರ್ತು ದೂರವಾಣಿ ಸಂಖ್ಯೆ, ಧಕ್ಕೆಯ ಸಂಖ್ಯೆ ಮೂರನ್ನೂ ಕಾಗದದ ಮೇಲೆ ಬರೆದು ಇಟ್ಟುಕೊಳ್ಳಿ, ಮೊಬೈಲು ಸತ್ತರೂ ಅವು ಕೈಯಲ್ಲಿರುತ್ತವೆ. ಯೂರೋಪಿನಲ್ಲೆಲ್ಲ ತುರ್ತು ಸಹಾಯದ ಸಂಖ್ಯೆ 112.

ಇಷ್ಟಾಗಿಯೂ ಹಡಗು ತಪ್ಪಿದರೆ ಮೊದಲು ಹಡಗಿಗೆ ಕರೆ ಮಾಡಿ, ಮುಂದಿನ ತಂಗುದಾಣ ಮತ್ತು ಅಲ್ಲಿ ನಿಲ್ಲುವ ಹೊತ್ತು ತಿಳಿದುಕೊಳ್ಳಿ. ಹಡಗು ಕೆಳಮುಖವಾಗಿ ಹೋಗುತ್ತಿದ್ದರೆ ಅದು ಬಹುಶಃ ಸ್ಟ್ರಾಸ್‌ಬುರ್ಗ್ ಅಥವಾ ಕೇಲ್. ಬ್ರೈಸಾಖ್‌ನಿಂದ ನದಿ ದಾಟಿ ಫ್ರಾನ್ಸಿಗೆ ಹೋಗುವ ಪ್ರಯಾಣಿಕರ ರೈಲು ಇಲ್ಲದಿರುವುದರಿಂದ ಫ್ರೈಬುರ್ಗ್‌ಗೆ ಮರಳಿ, ಅಲ್ಲಿಂದ ಆಫೆನ್‌ಬುರ್ಗ್‌ಗೆ, ಆಫೆನ್‌ಬುರ್ಗ್‌ನಲ್ಲಿ ಬದಲಿಸಿ ಕೇಲ್ ಮೂಲಕ ಸ್ಟ್ರಾಸ್‌ಬುರ್ಗ್‌ಗೆ ಹೋಗಬೇಕು. ಹಡಗು ರಾತ್ರಿಯಿಡೀ ಕಟ್ಟೆಗಳ ಲಾಕ್‌ಗಳಲ್ಲಿ, ಅಂದರೆ ನೀರು ತುಂಬಿ ಖಾಲಿ ಮಾಡಿ ಹಡಗನ್ನು ಏರಿಸಿ ಇಳಿಸುವ ತೊಟ್ಟಿಗಳಲ್ಲಿ, ಕಾದು ಕಾದು ಸಾಗುವುದರಿಂದ ರೈಲಿನಲ್ಲಿ ಹೋದವರು ಅದಕ್ಕಿಂತ ಮೊದಲೇ ತಲುಪುತ್ತಾರೆ. ಬೆಳಿಗ್ಗೆ ತೆಗೆದ ರಾಜ್ಯದ ಟಿಕೆಟ್ ಮರುದಿನ ನಸುಕಿನ 3 ಗಂಟೆಯವರೆಗೆ ಚಾಲ್ತಿಯಲ್ಲಿರುತ್ತದೆ. ಕೇಲ್‌ವರೆಗೆ ಅದೇ ಸಾಕು, ನದಿ ದಾಟುವ ಕೊನೆಯ ತುಣುಕಿಗೆ ಬೇರೆ ಟಿಕೆಟ್ ತೆಗೆಯಿರಿ.